ಕ್ಲಚ್ ಸಿಲಿಂಡರ್: ಗೇರ್‌ಬಾಕ್ಸಿನ ಒಳಗೋ, ಹೊರಗೋ?

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಕಡೆಯಿಂದ ಸಿಮೆಂಟು ಹೇರಿಕೊಂಡು ಹೊರಡುವ ಟಾಟಾ, ಲೇಲ್ಯಾಂಡ್ ಲಾರಿಗಳಲ್ಲಿ ಬಹಳಷ್ಟರ ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಹೊರಮೈಗೆ ಬೋಲ್ಟು ಹಾಕಿ ಕೂರಿಸಿದ ಒಂದು ದಪ್ಪ ಸಿಲಿಂಡರ್ ಕಾಣುತ್ತದೆ. ಚಾಲಕ ಪೆಡಲ್ ಒತ್ತಿದ ಬಲ ಎಣ್ಣೆಯ ಮೂಲಕ ಅಲ್ಲಿಗೆ ಬಂದು, ಏರ್ ಟ್ಯಾಂಕಿನ ಗಾಳಿಯ ನೆರವನ್ನೂ ಪಡೆದು, ಕ್ಲಚ್ಚನ್ನು ಬಿಡಿಸುತ್ತದೆ. ಮಿಸ್ತ್ರಿಗಳು ಅದನ್ನು ಕ್ಲಚ್ ಬೂಸ್ಟರ್ ಅನ್ನುತ್ತಾರೆ. ಇದೇ ರಸ್ತೆಯಲ್ಲಿ ಓಡುವ ಎಂಹಾಕ್ ಎಂಜಿನ್ನಿನ ಸ್ಕಾರ್ಪಿಯೊ ಕೆಳಗೆ ಬಗ್ಗಿದರೆ ಅಂಥದ್ದೇನೂ ಕಾಣುವುದಿಲ್ಲ. ಅಲ್ಲಿ ಸಿಲಿಂಡರ್ ಗೇರ್‌ಬಾಕ್ಸಿನ ಮುಂಭಾಗದ ಬೆಲ್ ಹೌಸಿಂಗಿನೊಳಗೆ ಅಡಗಿದೆ, ಹೊರಗೆ ಕಾಣುವುದು ಒಂದು ಸಣ್ಣ ಪೈಪು ಮಾತ್ರ. ಎರಡೂ ಒಂದೇ ಕೆಲಸ ಮಾಡುತ್ತವೆ. ಹಾಗಿದ್ದರೆ ಹಳೆಯ ಜೀಪೊಂದನ್ನು ಆಸೆಯಿಂದ ಮತ್ತೆ ಕಟ್ಟುತ್ತಿರುವವರು, ಅದಕ್ಕೆ ಬೇರೆ ಗೇರ್‌ಬಾಕ್ಸ್ ಕೂರಿಸಿ ಕಡ್ಡಿ-ಸರಳಿನ ಹಳೆ ಕ್ಲಚ್ ತೆಗೆದು ಎಣ್ಣೆಯ ಕ್ಲಚ್ ಹಾಕಬೇಕೆಂದಿರುವವರು ಯಾವುದನ್ನು ಆರಿಸಬೇಕು? ನಾಲವಾರ, ಚಿತ್ತಾಪುರ, ಶಹಾಬಾದ, ಚಿಂಚೋಳಿಯಂಥ ಊರುಗಳಲ್ಲಿ ಗಾಡಿ ಇಟ್ಟುಕೊಂಡವರಿಗೆ ಹೊರಗಿನ ಸಿಲಿಂಡರೇ ಸರಿ ಎಂಬುದು ನನ್ನ ವಾದ. ಒಂದು ಭಾಗ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರ ಜೊತೆಗೆ, ಅದು ಕೆಟ್ಟಾಗ ನಮ್ಮ ಕೈಗೆ ಸಿಗುತ್ತದೆಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಎರಡನೆಯ ಲೆಕ್ಕವೇ ಇಲ್ಲಿ ತೀರ್ಮಾನ ಮಾಡುತ್ತದೆ.

ಮೊದಲು ಕ್ಲಚ್ಚಿನ ರಚನೆ. ಎಂಜಿನ್ನಿನ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಗಿಹಿಡಿಯುವುದು ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್. ಆ ಸ್ಪ್ರಿಂಗಿನ ನಡುವಿನಲ್ಲಿ ಒಳಮುಖವಾಗಿ ಚಾಚಿಕೊಂಡ ಪಟ್ಟಿಗಳಿವೆ, ಗ್ಯಾರೇಜಿನಲ್ಲಿ ಅವನ್ನು ಫಿಂಗರ್ ಅನ್ನುತ್ತಾರೆ. ಫಿಂಗರ್‌ಗಳನ್ನು ಎಂಜಿನ್ನಿನ ಕಡೆಗೆ ಒತ್ತಿದರೆ ಹಿಡಿತ ಸಡಿಲಾಗುತ್ತದೆ. ಒತ್ತುವ ಕೆಲಸ ರಿಲೀಸ್ ಬೇರಿಂಗಿನದು. ಈ ಬೇರಿಂಗನ್ನು ಸರಿಸುವ ಬಗೆಯಲ್ಲಿ ಮಾತ್ರ ನಮ್ಮ ಎರಡು ಆಯ್ಕೆಗಳು ಬೇರೆಯಾಗುತ್ತವೆ. ಹೊರ ಸಿಲಿಂಡರಿನ ವ್ಯವಸ್ಥೆಯಲ್ಲಿ ಬೆಲ್ ಹೌಸಿಂಗಿನ ಹೊರಗಿರುವ ಸ್ಲೇವ್ ಸಿಲಿಂಡರ್ ಒಂದು ಸರಳನ್ನು ನೂಕುತ್ತದೆ, ಸರಳು ಫೋರ್ಕನ್ನು ನೂಕುತ್ತದೆ, ಫೋರ್ಕು ಒಂದು ಗುಂಡಿನ ಮೇಲೆ ತಿರುಗಿ ಬೇರಿಂಗನ್ನು ಸರಿಸುತ್ತದೆ. ಒಳ ಸಿಲಿಂಡರಿನಲ್ಲಿ ಫೋರ್ಕೂ ಇಲ್ಲ, ಸರಳೂ ಇಲ್ಲ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸುತ್ತ ಬಳೆಯಾಕಾರದ ಸಿಲಿಂಡರ್ ಕೂತಿರುತ್ತದೆ, ಅದರ ಪಿಸ್ಟನ್ನಿನ ತುದಿಯಲ್ಲೇ ಬೇರಿಂಗ್ ಇರುತ್ತದೆ. ಎಣ್ಣೆ ಬಂದಾಗ ಪಿಸ್ಟನ್ ಬೇರಿಂಗಿನೊಂದಿಗೆ ನೇರವಾಗಿ ಮುಂದೆ ಬರುತ್ತದೆ. ನೋಡಲು ಇದು ಬಹಳ ಅಚ್ಚುಕಟ್ಟು. ಹವ್ಯಾಸಿಗಳು ಇದಕ್ಕೆ ಮನಸೋಲುವುದು ಸಹಜ.

ಒಳ ಸಿಲಿಂಡರ್ ಹಾಕಿದರೆ ಪೆಡಲ್ ಹಗುರಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತಿರುತ್ತದೆ. 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್ ಹೇಳಿದ ನಿಯಮದಿಂದ ಇದನ್ನು ಪರೀಕ್ಷಿಸಬಹುದು: ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಅಂದರೆ 19.05 ಮಿಮೀ ಇದೆ ಎನ್ನೋಣ. ಅದರ ಪಿಸ್ಟನ್ನಿನ ಕ್ಷೇತ್ರಫಲ 285 ಚದರ ಮಿಮೀ. ಅದು 30 ಮಿಮೀ ಸರಿದರೆ ಸುಮಾರು 8.5 ಮಿಲಿ ಎಣ್ಣೆ ಮುಂದಕ್ಕೆ ಹೋಗುತ್ತದೆ. ಹೊರ ಸಿಲಿಂಡರಿನ ವ್ಯಾಸ 22.2 ಮಿಮೀ ಇದ್ದರೆ ಅದರ ಕ್ಷೇತ್ರಫಲ 387 ಚದರ ಮಿಮೀ, ಪಿಸ್ಟನ್ 22 ಮಿಮೀ ಸರಿಯುತ್ತದೆ. ಫೋರ್ಕು ಅದನ್ನು ಅರ್ಧಕ್ಕಿಳಿಸಿ ಬೇರಿಂಗಿಗೆ 11 ಮಿಮೀ ಚಲನೆ ಕೊಡುತ್ತದೆ. ಒಳ ಸಿಲಿಂಡರಿನ ಬಳೆಯ ಒಳವ್ಯಾಸ 38, ಹೊರವ್ಯಾಸ 50 ಮಿಮೀ ಎಂದಿಟ್ಟುಕೊಂಡರೆ ಕ್ಷೇತ್ರಫಲ 829 ಚದರ ಮಿಮೀ, ಬೇರಿಂಗಿನ ಚಲನೆ 10.3 ಮಿಮೀ. ಫಿಂಗರ್‌ಗಳನ್ನು ಒತ್ತಲು 1500 ನ್ಯೂಟನ್ ಬಲ ಬೇಕಿದ್ದು, ಪೆಡಲಿನ ಸನ್ನೆ ಬಲವನ್ನು ಆರು ಪಟ್ಟು ಮಾಡುವುದಾದರೆ, ಒಳ ಸಿಲಿಂಡರಿಗೆ ಕಾಲಿನಿಂದ 86 ನ್ಯೂಟನ್, ಹೊರ ಸಿಲಿಂಡರಿಗೆ 92 ನ್ಯೂಟನ್ ಕೊಡಬೇಕು. ಸುಮಾರು ಅರ್ಧ ಕೆಜಿ ಭಾರದ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುವುದೇ ಕಷ್ಟ. ಪೆಡಲಿನ ಹಗುರ-ಭಾರವನ್ನು ನಿರ್ಧರಿಸುವುದು ಮಾಸ್ಟರ್ ಸಿಲಿಂಡರ್ ಮತ್ತು ಪೆಡಲಿನ ಸನ್ನೆ. ಇದೇ ಗಾಡಿಗೆ 7/8 ಇಂಚಿನ ಮಾಸ್ಟರ್ ಹಾಕಿದರೆ ಪೆಡಲ್ ಶೇಕಡಾ 36ರಷ್ಟು ಭಾರವಾಗುತ್ತದೆ, ಒಳ ಸಿಲಿಂಡರಿನ ಬೇರಿಂಗ್ 14 ಮಿಮೀ ಸರಿಯುತ್ತದೆ. ಸಣ್ಣ ಗಾಡಿಯ ಕ್ಲಚ್ಚಿಗೆ ಬೇಕಾಗುವುದು ಎಂಟು ಮಿಮೀ ಆಸುಪಾಸು. ಮಿಕ್ಕದ್ದು ಡಯಾಫ್ರಮ್ ಸ್ಪ್ರಿಂಗನ್ನು ಮಿತಿಮೀರಿ ಬಗ್ಗಿಸುತ್ತದೆ. ಒಳಗೋ ಹೊರಗೋ ಎಂದು ವಾರಗಟ್ಟಲೆ ಯೋಚಿಸುವವರು ಮಾಸ್ಟರಿನ ಅಳತೆಯನ್ನು ಅಂಗಡಿಯವರು ಕೊಟ್ಟದ್ದಕ್ಕೆ ಬಿಟ್ಟುಬಿಡುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಬಲದ ಲೆಕ್ಕದಲ್ಲಿ ಎರಡೂ ಸಮ ಎಂದಾದ ಮೇಲೆ ನೋಡಬೇಕಾದದ್ದು ಎಣ್ಣೆಯ ಸ್ಥಿತಿ. ಕ್ಲಚ್ಚಿನ ಎಣ್ಣೆಯ ಪೈಪು ಮೊಂಡುದಾರಿ. ಎಂಜಿನ್ ಆಯಿಲ್ ಸುತ್ತಿ ಸುತ್ತಿ ಬರುತ್ತದೆ, ಕ್ಲಚ್ಚಿನ ಎಣ್ಣೆ ಹಾಗೆ ಸುತ್ತುವುದಿಲ್ಲ, ಹೋದಷ್ಟೇ ಹಿಂದಕ್ಕೆ ಬರುತ್ತದೆ. ಒಳವ್ಯಾಸ 3.2 ಮಿಮೀ ಇರುವ, 1.2 ಮೀಟರ್ ಉದ್ದದ ಲೋಹದ ಪೈಪಿನಲ್ಲಿ ಹಿಡಿಯುವ ಎಣ್ಣೆ ಸುಮಾರು 9.6 ಮಿಲಿ. ಒಂದು ಬಾರಿ ಪೆಡಲ್ ಒತ್ತಿದರೆ ಮುಂದೆ ಹೋಗುವುದು 8.5 ಮಿಲಿ. ಹಾಗಾಗಿ ಸ್ಲೇವ್ ಸಿಲಿಂಡರಿನಲ್ಲಿರುವ ಎಣ್ಣೆ ಎಷ್ಟು ಸಲ ಪೆಡಲ್ ಒತ್ತಿದರೂ ಮಾಸ್ಟರ್ ಸಿಲಿಂಡರಿನ ಮೇಲಿನ ಎಣ್ಣೆ ಡಬ್ಬಿಗೆ ತಲುಪುವುದಿಲ್ಲ. ಅಲ್ಲಿ ಸೇರಿದ ಗಾಳಿ, ನೀರಿನಂಶ, ರಬ್ಬರಿನ ಪುಡಿ ಅಲ್ಲೇ ಕೂಡುತ್ತಾ ಹೋಗುತ್ತವೆ. ಅವನ್ನು ಹೊರತೆಗೆಯಲು ಇರುವ ದಾರಿ ಸಿಲಿಂಡರಿನ ತುದಿಯ ಬ್ಲೀಡ್ ನಿಪ್ಪಲ್ ಒಂದೇ. ಒಂದೇ ಒಂದು ಮಿಲಿ ಗಾಳಿ ಸಿಕ್ಕಿಕೊಂಡರೂ, ಕ್ಲಚ್ ಬಿಡಿಸುವಾಗಿನ ಸುಮಾರು 18 ಬಾರ್ ಒತ್ತಡದಲ್ಲಿ ಅದು ತನ್ನ ಗಾತ್ರದ ಹತ್ತೊಂಬತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಒತ್ತಿದ ಎಣ್ಣೆಯಲ್ಲಿ 0.95 ಮಿಲಿ ಆ ಗಾಳಿಯನ್ನು ಹಿಂಡುವುದಕ್ಕೇ ಖರ್ಚಾಗುತ್ತದೆ, ಬೇರಿಂಗಿನ ಚಲನೆ ಶೇಕಡಾ 11ರಷ್ಟು ಕಡಿಮೆಯಾಗುತ್ತದೆ. ಹಗ್ಗದ ಬದಲು ರಬ್ಬರಿನ ಪಟ್ಟಿ ಕಟ್ಟಿ ಬಾವಿಯಿಂದ ಕೊಡ ಎಳೆದಂತೆ ಇದು: ಕೈ ಎಳೆದಷ್ಟು ಕೊಡ ಮೇಲೆ ಬರುವುದಿಲ್ಲ. ಹೊರ ಸಿಲಿಂಡರಿನಲ್ಲಿ ನಿಪ್ಪಲ್ ಕಣ್ಣಿಗೆ ಕಾಣುತ್ತದೆ, ಪಾನಾ ಹಾಕಿ ಹತ್ತು ನಿಮಿಷದಲ್ಲಿ ಏರ್ ತೆಗೆಯಬಹುದು. ಒಳ ಸಿಲಿಂಡರಿನಲ್ಲಿ ಏರ್ ತೆಗೆಯಲು ಇನ್ನೊಂದು ಪೈಪನ್ನು ಹೊರಗೆ ತಂದಿರಬೇಕು. ತಂದಿದ್ದರೂ ಬಳೆಯಾಕಾರದ ಖಾಲಿಯಲ್ಲಿ ಗಾಳಿ ಸೇರುವ ಅತಿ ಎತ್ತರದ ಜಾಗ ಆ ಪೈಪಿನ ಬಾಯಿಗೆ ಹೊಂದಿಕೊಂಡಿದ್ದರೆ ಮಾತ್ರ ಪೂರ್ತಿ ಹೊರಬರುತ್ತದೆ.

ಬಿಸಿಯ ವಿಚಾರವೂ ಇಲ್ಲಿಗೆ ಸೇರುತ್ತದೆ. ಕ್ಲಚ್ಚಿಗೆ ನಾವು ಹಾಕುವುದು ಬ್ರೇಕ್ ಆಯಿಲ್. ಡಾಟ್ 3, ಡಾಟ್ 4 ಹೆಸರಿನ ಈ ದ್ರವಗಳು ಗ್ಲೈಕಾಲ್ ಜಾತಿಯವು, ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಎಣ್ಣೆಯ ಕುದಿಬಿಂದು 205 ಡಿಗ್ರಿಗಿಂತ ಕಡಿಮೆ ಇರಕೂಡದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ, ಆದರೆ ಎಣ್ಣೆಯನ್ನು ಕುದಿಸುವಷ್ಟು ಶಕ್ತಿ ಬಿಸಿಲಿಗಿಲ್ಲ. ಆ ಶಕ್ತಿ ಇರುವುದು ಜಾರುವ ಕ್ಲಚ್ಚಿಗೆ. ಮುಂಗಾರಿನಲ್ಲಿ ಎರೆಮಣ್ಣಿಗೆ ಸಿಕ್ಕ ಜೀಪನ್ನು ಅರ್ಧ ಕ್ಲಚ್ಚಿನಲ್ಲಿ ಹೊರತೆಗೆಯುವಾಗ ಏನಾಗುತ್ತದೆ ನೋಡಿ. 100 ನ್ಯೂಟನ್ ಮೀಟರ್ ತಿರುಚುಬಲದಲ್ಲಿ, ನಿಮಿಷಕ್ಕೆ 1500 ಸುತ್ತಿನ ವ್ಯತ್ಯಾಸದಲ್ಲಿ ಹತ್ತು ಸೆಕೆಂಡು ಜಾರಿದರೆ ಹುಟ್ಟುವ ಶಾಖ ಸುಮಾರು 157 ಕಿಲೋಜೂಲ್. ಹತ್ತು ಕೆಜಿ ಕಬ್ಬಿಣದ ಮೇಲೆ ಅದು ಹಂಚಿಹೋದರೂ ಒಂದು ಯತ್ನಕ್ಕೆ 34 ಡಿಗ್ರಿ ಏರುತ್ತದೆ. ಆರಲು ಬಿಡದೆ ಐದು ಸಲ ಪ್ರಯತ್ನಿಸಿದರೆ 170 ಡಿಗ್ರಿ. ಈ ಬಿಸಿ ಕಬ್ಬಿಣದ ಪಕ್ಕದಲ್ಲೇ, ಬೆಲ್ ಹೌಸಿಂಗಿನ ಮುಚ್ಚಿದ ಗಾಳಿಯಲ್ಲಿ ಕೂತಿರುವುದೇ ಒಳ ಸಿಲಿಂಡರ್. ಅದರಲ್ಲಿರುವುದು ಎಂದೂ ಹೊರಗೆ ಬಾರದ ಹಳೆಯ ಎಣ್ಣೆ. ಆ ಎಣ್ಣೆ ಪೂರಾ 170 ಡಿಗ್ರಿಗೆ ಏರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ನೀರು ಹೀರಿದ ಎಣ್ಣೆಗೆ ಕುದಿಯಲು ಅಷ್ಟು ಬಿಸಿಯೂ ಬೇಡ. ಕುದಿದ ಎಣ್ಣೆ ಆವಿಯಾಗುತ್ತದೆ, ಆವಿ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತದೆ.

ಎಣ್ಣೆ ಸೋರುವಾಗ ಈ ಎರಡರ ನಡುವಿನ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ರಬ್ಬರಿನ ಸೀಲು ಒಂದಲ್ಲ ಒಂದು ದಿನ ಸವೆಯುತ್ತದೆ, ಈ ವಿಚಾರದಲ್ಲಿ ಎರಡಕ್ಕೂ ವಿನಾಯಿತಿಯಿಲ್ಲ. ಹೊರ ಸಿಲಿಂಡರ್ ಸೋರಿದರೆ ಎಣ್ಣೆ ರಬ್ಬರ್ ಟೋಪಿಯಿಂದ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಈ ಭಾಗದ ಮನೆಯಂಗಳದಲ್ಲೂ ಗ್ಯಾರೇಜಿನಲ್ಲೂ ಹಾಸಿರುವುದು ಶಹಾಬಾದ ಪರಸಿ ಕಲ್ಲು, ಅದರ ಮೇಲೆ ಬಿದ್ದ ಎಣ್ಣೆಯ ಕಲೆ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ. ಡಬ್ಬಿಯಲ್ಲಿ ಎಣ್ಣೆ ಪೂರ್ತಿ ಇಳಿಯುವ ಮೊದಲೇ ಎಚ್ಚರಿಕೆ ಸಿಕ್ಕಿತು. ಒಳ ಸಿಲಿಂಡರ್ ಸೋರಿದರೆ ಎಣ್ಣೆ ಮೊದಲು ಬೀಳುವುದು ಬೆಲ್ ಹೌಸಿಂಗಿನೊಳಗೆ. ತಿರುಗುವ ಕ್ಲಚ್ ಅದನ್ನು ಎಲ್ಲ ಕಡೆಗೂ ಎರಚುತ್ತದೆ, ಪ್ಲೇಟಿನ ಲೈನಿಂಗು ತೊಯ್ಯುತ್ತದೆ. ತೊಯ್ದ ಪ್ಲೇಟು ಜಾರುತ್ತದೆ ಅಥವಾ ಗಾಡಿ ಹೊರಡುವಾಗ ನಡುಗುತ್ತದೆ, ಲೈನಿಂಗು ಎಣ್ಣೆ ಕುಡಿದರೆ ತೊಳೆದು ಮತ್ತೆ ಹಾಕುವಂತಿಲ್ಲ. ಸಣ್ಣ ಸೀಲೊಂದು ಹೋದದ್ದಕ್ಕೆ ಕ್ಲಚ್ ಪ್ಲೇಟೂ ಹೋಯಿತು. ಒಂದು ಭಾಗದ ಕೇಡು ಪಕ್ಕದ ಭಾಗಕ್ಕೆ ಹರಡದಂತೆ ಇರಿಸುವುದು ಯಂತ್ರ ಕಟ್ಟುವವರ ಮೊದಲ ಪಾಠಗಳಲ್ಲಿ ಒಂದು. ಹೊರ ಸಿಲಿಂಡರ್ ಆ ಪಾಠವನ್ನು ತಾನಾಗಿಯೇ ಪಾಲಿಸುತ್ತದೆ.

ಇನ್ನು ಬಿಚ್ಚುವ ಕೆಲಸ. ಹೊರ ಸಿಲಿಂಡರ್ ತೆಗೆಯಲು ಎರಡು ಬೋಲ್ಟು ಮತ್ತು ಒಂದು ಪೈಪಿನ ನಟ್ಟು ಬಿಚ್ಚಿದರಾಯಿತು. ಒಳ ಸಿಲಿಂಡರ್ ತೆಗೆಯಲು ಗೇರ್‌ಬಾಕ್ಸನ್ನೇ ಇಳಿಸಬೇಕು. ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪಾದರೆ ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಇದೆ, ಮುಂದೆ ಹಿಂದೆ ಎರಡು ಪ್ರೊಪೆಲರ್ ಶಾಫ್ಟುಗಳಿವೆ, ಅಡ್ಡ ತೊಲೆಯಿದೆ, ಗೇರ್ ಕಡ್ಡಿಗಳಿವೆ. ಲಿಫ್ಟ್ ಇಲ್ಲದ ಕಡೆ, ತಗ್ಗು ತೋಡಿದ ಗ್ಯಾರೇಜಿನಲ್ಲಿ ಅಥವಾ ಜಾಕಿನ ಮೇಲೆ, ಇಬ್ಬರಿಗೆ ಒಂದು ದಿನದ ಕೆಲಸ ಅದು. ಎರಡಕ್ಕೂ ನ್ಯಾಯ ಸಿಗುವಂತೆ ಒಂದು ಊಹೆಯ ಲೆಕ್ಕ ಹಾಕೋಣ. ಒಳ ಸಿಲಿಂಡರ್ ಹೆಚ್ಚು ಗಟ್ಟಿ, ಹತ್ತು ವರ್ಷಕ್ಕೆ ಒಮ್ಮೆ ಮಾತ್ರ ಕೆಡುತ್ತದೆ, ಹೊರ ಸಿಲಿಂಡರ್ ಅದೇ ಅವಧಿಯಲ್ಲಿ ಮೂರು ಸಲ ಕೆಡುತ್ತದೆ ಎಂದುಕೊಳ್ಳಿ. ಹೊರ ಸಿಲಿಂಡರಿಗೆ ಸಲಕ್ಕೆ ಒಂದು ತಾಸಿನಂತೆ ಮೂರು ತಾಸು, ಮೂರು ಸೀಲ್ ಕಿಟ್ ಹಿಡಿಯುತ್ತದೆ. ಒಳ ಸಿಲಿಂಡರಿಗೆ ಎಂಟು ತಾಸು, ಇಡೀ ಸಿಲಿಂಡರ್, ಮೇಲೆ ಬಹುಶಃ ಒಂದು ಕ್ಲಚ್ ಪ್ಲೇಟು. ಮೂರು ಪಟ್ಟು ಬೇಗ ಕೆಟ್ಟರೂ ಹೊರಗಿನದೇ ಅಗ್ಗ. ಇದು ಮನೆಯಂಗಳದಲ್ಲಿ ಕೆಟ್ಟಾಗಿನ ಮಾತು. ಚಿಂಚೋಳಿಯ ಕಾಡುದಾರಿಯಲ್ಲಿ ಕೆಟ್ಟರೆ ಹೊರ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಸುರಿದು, ಏರ್ ತೆಗೆದು ಹೇಗೋ ಊರು ಸೇರಬಹುದು. ಒಳ ಸಿಲಿಂಡರಿನ ಸೀಲು ಪೂರ್ತಿ ಬಿಟ್ಟರೆ ಗಾಡಿಯನ್ನು ಎಳೆದು ತರಬೇಕು.

ಹವ್ಯಾಸದ ಗಾಡಿಗಳಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಅಳತೆ. ಕ್ಲಚ್ ಪ್ಲೇಟು ಸವೆದಂತೆ ಡಯಾಫ್ರಮ್ ಸ್ಪ್ರಿಂಗಿನ ಫಿಂಗರ್‌ಗಳು ಬೇರಿಂಗಿನ ಕಡೆಗೆ ಚಾಚುತ್ತಾ ಬರುತ್ತವೆ. ಸ್ಪ್ರಿಂಗ್ ಒಂದು ಸನ್ನೆಯಂತೆ ಕೆಲಸ ಮಾಡುವುದರಿಂದ ಪ್ಲೇಟು ಒಂದು ಮಿಮೀ ಸವೆದರೆ ಫಿಂಗರಿನ ತುದಿ ಮೂರರಿಂದ ನಾಲ್ಕು ಮಿಮೀ ಹಿಂದಕ್ಕೆ ಬರುತ್ತದೆ. ಬೇರಿಂಗಿಗೂ ಅಷ್ಟು ಹಿಂದೆ ಸರಿಯಲು ಜಾಗವಿರಬೇಕು. ಒಳ ಸಿಲಿಂಡರಿನ ಪಿಸ್ಟನ್ ತಳ ಮುಟ್ಟಿಬಿಟ್ಟರೆ ಬೇರಿಂಗ್ ಫಿಂಗರ್‌ಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ, ಕ್ಲಚ್ ಜಾರತೊಡಗುತ್ತದೆ. ಜಾಗ ಹೆಚ್ಚು ಬಿಟ್ಟರೆ ಪಿಸ್ಟನ್ ತನ್ನ ಮಿತಿ ಮೀರಿ ಹೊರಬಂದು ಸೀಲು ಜಾರಿಹೋಗುತ್ತದೆ. ಅದಕ್ಕಾಗಿಯೇ ಬಿಡಿಯಾಗಿ ಸಿಗುವ ಅನೇಕ ಒಳ ಸಿಲಿಂಡರ್ ಕಿಟ್‌ಗಳು ಹೊಸ ಕ್ಲಚ್ಚಿನಲ್ಲಿ ಬೇರಿಂಗಿಗೂ ಫಿಂಗರಿಗೂ ನಡುವೆ ನಾಲ್ಕರಿಂದ ಐದು ಮಿಮೀ ಅಂತರ ಬಿಡಲು ಹೇಳುತ್ತವೆ. ಒಂದು ಗಾಡಿಯ ಎಂಜಿನ್ನು, ಇನ್ನೊಂದರ ಗೇರ್‌ಬಾಕ್ಸು, ನಡುವೆ ಲೇತಿನಲ್ಲಿ ಮಾಡಿಸಿದ ಅಡಾಪ್ಟರ್ ಪ್ಲೇಟು ಇರುವ ಜೀಪಿನಲ್ಲಿ ಈ ಅಂತರ ತಾನಾಗಿ ಸರಿಬರುವ ಸಂಭವ ಬಹಳ ಕಡಿಮೆ. ಅಡಾಪ್ಟರ್ ಎರಡು ಮಿಮೀ ದಪ್ಪವಾದರೂ ಲೆಕ್ಕ ತಪ್ಪಿತು. ತಪ್ಪು ಗೊತ್ತಾಗುವುದು ಎಲ್ಲ ಜೋಡಿಸಿ ಮುಗಿದ ಮೇಲೆ. ಹೊರ ಸಿಲಿಂಡರಿನಲ್ಲಿ ಇದೇ ಅಂತರವನ್ನು ಸರಳಿನ ನಟ್ಟು ತಿರುಗಿಸಿ ಹೊರಗಿನಿಂದ ಸರಿಪಡಿಸಬಹುದು. ಪ್ಲೇಟು ಸವೆದ ಹಾಗೆಲ್ಲ ಮತ್ತೆ ತಿರುಗಿಸಬಹುದು. ಫೋರ್ಕಿನ ತುದಿ ಎಷ್ಟು ಹಿಂದೆ ಬಂದಿದೆ ಎಂದು ನೋಡಿ ಒಳಗಿನ ಪ್ಲೇಟು ಎಷ್ಟು ಉಳಿದಿದೆ ಎಂದು ಅಂದಾಜೂ ಮಾಡಬಹುದು.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಒಳ ಸಿಲಿಂಡರ್ ಅಷ್ಟು ತೊಂದರೆಯದಾದರೆ ಇಂದಿನ ಕಂಪನಿಗಳು ಇಷ್ಟೊಂದು ಗಾಡಿಗಳಲ್ಲಿ ಅದನ್ನೇ ಏಕೆ ಹಾಕುತ್ತವೆ? ಅವರ ಕಾರಣಗಳು ಅವರ ಮಟ್ಟಿಗೆ ಸರಿ. ಎಂಜಿನ್ ಅಡ್ಡಲಾಗಿ ಕೂರುವ, ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸಿನ ಸುತ್ತ ಜಾಗವೇ ಇರುವುದಿಲ್ಲ. ಫೋರ್ಕು, ಗುಂಡು, ಸರಳು, ಬೂಟು ಎಲ್ಲ ಹೋದರೆ ಬಿಡಿಭಾಗಗಳ ಸಂಖ್ಯೆ ಇಳಿಯುತ್ತದೆ, ಜೋಡಿಸುವ ಸಮಯ ಉಳಿಯುತ್ತದೆ. ಕಂಪನಿಯ ಸಿಲಿಂಡರ್ ಒಂದೇ ಎಂಜಿನ್, ಒಂದೇ ಕ್ಲಚ್, ಒಂದೇ ಗೇರ್‌ಬಾಕ್ಸಿಗೆ ಅಳೆದು ಮಾಡಿದ್ದು, ಬೇರಿಂಗ್ ಸದಾ ಫಿಂಗರಿಗೆ ತಾಗಿರುವಂತೆ ಒಳಗೇ ಸ್ಪ್ರಿಂಗ್ ಇಟ್ಟಿರುತ್ತಾರೆ. ಕ್ಲಚ್ ಪ್ಲೇಟು ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ಸಿಲಿಂಡರನ್ನೂ ಬದಲಿಸಿಬಿಡುತ್ತಾರೆ. ಆ ಲೆಕ್ಕದಲ್ಲಿ ಸಿಲಿಂಡರ್ ಪ್ಲೇಟಿನಷ್ಟು ಬಾಳಿದರೆ ಸಾಕು. ವರ್ಷಕ್ಕೆ 15,000 ಕಿಮೀ ಓಡುವ ಗಾಡಿಗೆ ಈ ತರ್ಕ ಒಪ್ಪುತ್ತದೆ. ಹವ್ಯಾಸದ ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ಅದರ ಪ್ಲೇಟು ಸವೆಯುವ ಮೊದಲೇ ಸೀಲು ಒಣಗುತ್ತದೆ, ನೀರು ಹೀರಿದ ಎಣ್ಣೆಯಿಂದ ಸಿಲಿಂಡರಿನ ಒಳಮೈ ತುಕ್ಕು ಹಿಡಿಯುತ್ತದೆ. ನಿಂತು ಕೆಡುವ ಗಾಡಿಗೂ ಓಡಿ ಸವೆಯುವ ಗಾಡಿಗೂ ಒಂದೇ ತರ್ಕ ಹೊಂದುವುದಿಲ್ಲ. ಲಾರಿ ಕಟ್ಟುವವರೂ ಕಂಪನಿಯವರೇ ಎಂಬುದನ್ನು ಮರೆಯಬಾರದು. ದಿನ ಕಳೆದರೆ ಬಾಡಿಗೆ ಹೋಗುವ ಸಿಮೆಂಟು ಲಾರಿಗೆ ಅವರು ಬೂಸ್ಟರನ್ನು ಹೊರಗೆ ಇಟ್ಟದ್ದು ಸುಮ್ಮನೆ ಅಲ್ಲ.

ಎರಡನೆಯ ಆಕ್ಷೇಪ ಫೋರ್ಕಿನದು. ಫೋರ್ಕು ಬಗ್ಗುತ್ತದೆ, ಗುಂಡು ಸವೆಯುತ್ತದೆ, ಫೋರ್ಕು ವೃತ್ತದಲ್ಲಿ ತಿರುಗುವುದರಿಂದ ಬೇರಿಂಗನ್ನು ಓರೆಯಾಗಿ ಒತ್ತುತ್ತದೆ, ಒಳ ಸಿಲಿಂಡರ್ ಮಾತ್ರ ನೇರವಾಗಿ ಒತ್ತುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಆದರೆ ಪ್ರಮಾಣ ನೋಡಬೇಕು. ಫೋರ್ಕಿನ ಉದ್ದದ ತೋಳು 120 ಮಿಮೀ, ಸರಳಿನ ಚಲನೆ 22 ಮಿಮೀ ಇದ್ದು, ಚಲನೆಯ ನಡುಮಧ್ಯದಲ್ಲಿ ಫೋರ್ಕು ಸರಳಿಗೆ ಲಂಬವಾಗಿರುವಂತೆ ಕೂರಿಸಿದರೆ ಎರಡೂ ಕಡೆ ಕೋನ 5.3 ಡಿಗ್ರಿ ಮೀರುವುದಿಲ್ಲ. ಅದರಿಂದ ಕಳೆದುಹೋಗುವ ಪಾಲು ಶೇಕಡಾ ಅರ್ಧಕ್ಕಿಂತ ಕಡಿಮೆ. ತೊಂದರೆ ಹುಟ್ಟುವುದು ಫೋರ್ಕನ್ನು ಆರಂಭದಲ್ಲೇ ಓರೆಯಾಗಿ ಕೂರಿಸಿದಾಗ, ಗುಂಡಿಗೆ ಗ್ರೀಸು ಹಚ್ಚದೆ ಬಿಟ್ಟಾಗ, ಸಿಲಿಂಡರನ್ನು ತೆಳ್ಳನೆಯ ತಗಡಿನ ಬ್ರಾಕೆಟ್ಟಿಗೆ ಹಿಡಿಸಿದಾಗ. ಬ್ರಾಕೆಟ್ ಎರಡು ಮಿಮೀ ಬಗ್ಗಿದರೆ ಬೇರಿಂಗಿನ ಒಂದು ಮಿಮೀ ಚಲನೆ ಹೋಯಿತು. ಬ್ರಾಕೆಟ್ಟನ್ನು ಆರು ಮಿಮೀ ಪಟ್ಟಿಯಲ್ಲಿ ಮಾಡಿಸಿ, ಗಾಡಿಯ ಬಾಡಿಯ ಮೇಲೆ ಹಿಡಿಸದೆ ಗೇರ್‌ಬಾಕ್ಸಿಗೇ ಹಿಡಿಸಿದರೆ ಈ ದೋಷ ಇರುವುದಿಲ್ಲ. ವಾಡಿಯ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಆಗುವ ಕೆಲಸ ಇದು.

ಧೂಳಿನ ಆಕ್ಷೇಪವನ್ನು ಈ ಸೀಮೆಯವರು ಖಂಡಿತ ಎತ್ತುತ್ತಾರೆ, ಎತ್ತಲೇಬೇಕು. ಕಲ್ಲಿನ ಗಣಿ, ಪಾಲಿಶ್ ಯಂತ್ರ, ಸಿಮೆಂಟು ಕಾರ್ಖಾನೆ, ಅವುಗಳ ನಡುವೆ ಓಡಾಡುವ ಟಿಪ್ಪರುಗಳು ಇರುವ ನಾಡಿನಲ್ಲಿ ಸಿಲಿಂಡರನ್ನು ಹೊರಗೆ ನೇತುಹಾಕುವುದು ಜಾಣತನವೇ? ಇಲ್ಲಿ ಅಗೆಯುವ ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್ ಮೃದು, ಮೋಸ್ ಮಾನದಲ್ಲಿ ಅದರ ಕಾಠಿಣ್ಯ ಮೂರು. ರಸ್ತೆಯ ಮರಳಿನ ಕ್ವಾರ್ಟ್ಜ್ ಏಳು. ಸಿಲಿಂಡರಿನ ಒಳಮೈಗೆ ಗೀರು ಹಾಕುವುದು ಎರಡನೆಯದು. ಎರಡೂ ಒಳಹೋಗುವುದು ಸರಳಿನ ಸುತ್ತಲಿನ ರಬ್ಬರ್ ಟೋಪಿ ಹರಿದಿದ್ದರೆ ಮಾತ್ರ. ಬೆಲ್ ಹೌಸಿಂಗಿನಲ್ಲಿ ಫೋರ್ಕು ಹೊರಬರುವ ತೂತಿನ ಬೂಟು ಇನ್ನೂ ಮುಖ್ಯ, ಅದು ಇಲ್ಲದಿದ್ದರೆ ಧೂಳು ನೇರ ಕ್ಲಚ್ಚಿಗೇ ಹೋಗುತ್ತದೆ. ಹಳೆಯ ಗಾಡಿಗಳಲ್ಲಿ ಈ ಬೂಟು ಹರಿದುಹೋಗಿ ಯಾರೂ ಹೊಸದು ಹಾಕದೆ ಬಿಟ್ಟಿರುವುದು ಸಾಮಾನ್ಯ. ಅಂದಮೇಲೆ ಧೂಳು ಹೊರ ಸಿಲಿಂಡರಿಗೆ ನಿಜವಾದ ಶತ್ರು ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಶತ್ರುವನ್ನು ತಡೆಯುವುದು ಎರಡು ರಬ್ಬರಿನ ತುಂಡು, ಅವು ಹರಿದದ್ದು ಕಣ್ಣಿಗೆ ಕಾಣುತ್ತದೆ. ಒಳ ಸಿಲಿಂಡರೂ ಧೂಳಿನಿಂದ ಪಾರಾಗಿಲ್ಲ: ಕ್ಲಚ್ ಪ್ಲೇಟಿನಿಂದ ಉದುರುವ ಪುಡಿ ಅದರ ಸುತ್ತಲೇ ಸುತ್ತುತ್ತಿರುತ್ತದೆ, ಅದರ ರಬ್ಬರಿನ ಸ್ಥಿತಿ ಮಾತ್ರ ಯಾರಿಗೂ ಕಾಣುವುದಿಲ್ಲ.

ಬಿಡಿಭಾಗದ ವಿಚಾರದಲ್ಲಿ ಹೆಚ್ಚು ವಾದ ಬೇಕಿಲ್ಲ. ಟಾಟಾ ಸುಮೋ, ಕ್ವಾಲಿಸ್‌ನಂಥ ಗಾಡಿಗಳ ಹೊರ ಸಿಲಿಂಡರು, ಅದರ ಕಿಟ್ಟು ಜಿಲ್ಲಾ ಕೇಂದ್ರದ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವಂಥವು. ವ್ಯಾಸ ಗೊತ್ತಿದ್ದರೆ ಒಂದು ಗಾಡಿಯದನ್ನು ಇನ್ನೊಂದಕ್ಕೆ ಹೊಂದಿಸಬಹುದು. ಒಳ ಸಿಲಿಂಡರ್ ಒಂದು ಗೇರ್‌ಬಾಕ್ಸಿನದು ಇನ್ನೊಂದಕ್ಕೆ ಕೂರುವುದಿಲ್ಲ. ಶೆವ್ರೊಲೆ ಕ್ರೂಜ್, ಫೋರ್ಡ್ ಫಿಯೆಸ್ಟಾ ಎರಡೂ ಒಳ ಸಿಲಿಂಡರಿನ ಗಾಡಿಗಳು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ಮುಗಿಸುವುದಾಗಿ ಹೇಳಿತು. ಇಪ್ಪತ್ತು ವರ್ಷ ಇಟ್ಟುಕೊಳ್ಳಬೇಕೆಂದು ಕಟ್ಟುವ ಗಾಡಿಗೆ ಒಂದೇ ಮಾದರಿಗೆ ಮಾಡಿದ ಭಾಗವನ್ನು ನಂಬಿಕೊಳ್ಳುವಾಗ ಇದನ್ನು ಯೋಚಿಸಬೇಕು. ಕಾನೂನಿನ ಕಡೆಯನ್ನೂ ನೋಡಬೇಕು: ಬೇರೆ ಎಂಜಿನ್ ಹಾಕುವುದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ನಮೂದಾಗಬೇಕು. ಗಾಡಿಗೆ 50 ವರ್ಷ ದಾಟಿದ್ದು, 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವ ಆಸೆಯಿದ್ದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಬೋಲ್ಟು ಬಿಚ್ಚಿದರೆ ಗುರುತು ಉಳಿಯದ ಹೊರ ಸಿಲಿಂಡರ್ ಅಂಥವರಿಗೂ ಅನುಕೂಲ.

ಒಳ ಸಿಲಿಂಡರನ್ನೇ ಹಾಕಬೇಕಾದ ಗಾಡಿಗಳೂ ಇವೆ. ಕೆಲವು ಹೊಸ ಗೇರ್‌ಬಾಕ್ಸುಗಳ ಬೆಲ್ ಹೌಸಿಂಗಿನಲ್ಲಿ ಫೋರ್ಕಿಗೆ ತೂತೂ ಇಲ್ಲ, ಗುಂಡು ಕೂರಿಸುವ ಜಾಗವೂ ಇಲ್ಲ. ಎರಕದ ಅಲ್ಯುಮಿನಿಯಂ ಕೊರೆದು ಅದನ್ನು ಮಾಡಲು ಹೋದರೆ ಹೌಸಿಂಗಿನ ಬಲವೇ ಹೋಗುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಹೊರ ಸಿಲಿಂಡರ್ ಕೂರಬೇಕಾದ ಜಾಗದಲ್ಲೇ ಸ್ಟೀರಿಂಗ್ ಬಾಕ್ಸೋ ಚಾಸಿಯ ತೊಲೆಯೋ ಅಡ್ಡ ಬರುತ್ತದೆ. ಆಗ ಒಳಗಿನದನ್ನೇ ಧೈರ್ಯವಾಗಿ ಹಾಕಬಹುದು, ಆದರೆ ಅಳತೆ ತೆಗೆಯದೆ ಗೇರ್‌ಬಾಕ್ಸ್ ಎತ್ತಬಾರದು. ಕ್ಲಚ್ಚನ್ನು ಫ್ಲೈವೀಲಿಗೆ ಬಿಗಿದ ಮೇಲೆ, ಹೌಸಿಂಗ್ ಕೂರುವ ಎಂಜಿನ್ನಿನ ಮುಖದಿಂದ ಫಿಂಗರಿನ ತುದಿಯವರೆಗೆ ವರ್ನಿಯರಿನಿಂದ ಎಷ್ಟಿದೆ ನೋಡಿ. ಫಿಂಗರ್‌ಗಳು ಗೇರ್‌ಬಾಕ್ಸಿನ ಕಡೆಗೆ ಚಾಚಿಕೊಂಡಿದ್ದರೆ ಆ ಚಾಚನ್ನು, ಬೇರಿಂಗ್ ಹೌಸಿಂಗಿನ ಮುಖದಿಂದ ಎಷ್ಟು ಒಳಗಿದೆಯೋ ಆ ಅಳತೆಯಿಂದ ಕಳೆಯಬೇಕು. ಪಿಸ್ಟನ್ನನ್ನು ಪೂರ್ತಿ ಒಳಗೆ ಒತ್ತಿ ಈ ಎರಡನೆಯ ಅಳತೆ ತೆಗೆಯಬೇಕು, ಅಡಾಪ್ಟರ್ ಪ್ಲೇಟಿದ್ದರೆ ಅದರ ದಪ್ಪವನ್ನೂ ಸೇರಿಸಬೇಕು. ಬಂದ ಅಂತರ ಕಿಟ್ಟಿನವರು ಹೇಳಿದ ಅಂತರಕ್ಕಿಂತ ಹೆಚ್ಚಿದ್ದರೆ ಸಿಲಿಂಡರಿನ ಅಡಿಗೆ ಶಿಮ್ ಹಾಕಿ, ಕಡಿಮೆ ಇದ್ದರೆ ಲೇತಿನಲ್ಲಿ ಕೆತ್ತಿಸಿ. ಗೇರ್‌ಬಾಕ್ಸ್ ಕೂರಿಸುವ ಮೊದಲು ಪೆಡಲ್ ಒತ್ತಿ ಪರೀಕ್ಷಿಸಲು ಹೋಗಬೇಡಿ, ಎದುರು ಹಿಡಿತವಿಲ್ಲದ ಪಿಸ್ಟನ್ ಹೊರಕ್ಕೆ ಹಾರಿ ಸೀಲು ಹರಿಯುತ್ತದೆ. ಬ್ಲೀಡ್ ಪೈಪನ್ನು ಕೈಗೆಟಕುವ ಎತ್ತರಕ್ಕೆ ತನ್ನಿ. ಪೆಡಲಿನ ಹಿಂದೆ ಒಂದು ತಡೆ ಕೊಟ್ಟು ಬೇರಿಂಗಿನ ಚಲನೆಯನ್ನು ಬೇಕಾದಷ್ಟಕ್ಕೇ ನಿಲ್ಲಿಸಿ. ಎಣ್ಣೆ ಮೊಹರು ಒಡೆಯದ ಬಾಟಲಿಯದೇ ಆಗಿರಲಿ, ಎಂಜಿನ್ ಆಯಿಲನ್ನು ತಪ್ಪಿಯೂ ಹಾಕಬೇಡಿ, ಗ್ಲೈಕಾಲಿಗೆ ಮಾಡಿದ ರಬ್ಬರು ಖನಿಜ ತೈಲದಲ್ಲಿ ಉಬ್ಬಿ ಹಾಳಾಗುತ್ತದೆ. ಒಳಗಿನದಾಗಲಿ ಹೊರಗಿನದಾಗಲಿ, ಗಾಡಿ ಓಡಿದರೂ ನಿಂತಿದ್ದರೂ, ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ನಿಪ್ಪಲಿನಿಂದ ಪೂರ್ತಿ ಹೊರಹಾಕಿ ಹೊಸದು ತುಂಬಿಸಿ.